ಸಿಟ್ಟಿನ ಬಣ್ಣ ಯಾವುದು?

ತಳಕಲ್ಲಿನ ಅವ್ವಂದಿರೇ, ಅಪ್ಪಂದಿರೇ, ಮಗು ಹಟ ಹಿಡಿದು ಚೀರುತ್ತಿದೆ. "ಯಾಕ ಅಳ್ತಿ?" ಅಂದರೆ ಉತ್ತರವಿಲ್ಲ. ಸಿಟ್ಟೋ ಅಂಜಿಕೆಯೋ, ಅದನ್ನು ಹೇಳುವ ಮಾತು ಅದಕ್ಕಿನ್ನೂ ಸಿಕ್ಕಿಲ್ಲ.

ಬಣ್ಣ ತೋರಿಸಿ. ನಾಟಕದ ಹಳೆಯ ಗ್ರಂಥ, ಭರತನ ನಾಟ್ಯಶಾಸ್ತ್ರವೇ ರೌದ್ರಕ್ಕೆ, ಅಂದರೆ ಸಿಟ್ಟಿಗೆ, ಕೆಂಪು, ಭಯಾನಕಕ್ಕೆ, ಅಂದರೆ ಅಂಜಿಕೆಗೆ, ಕಪ್ಪು, ಹಾಸ್ಯಕ್ಕೆ ಬಿಳಿ ಕೊಟ್ಟಿದೆ.

ನಮ್ಮ ಕೊಪ್ಪಳ ಜಿಲ್ಲೆಯದೇ ಕಿನ್ನಾಳದ ಬಣ್ಣದ ಕಟ್ಟಿಗೆ ಗೊಂಬೆ ಇದ್ದರೆ ಕೈಗೆ ಕೊಡಿ. ಆ ಕಣ್ಣು, ತಿದ್ದಿದ ಹುಬ್ಬು ತೋರಿಸಿ, "ಈ ಗೊಂಬಿಗೆ ಏನಾಗೇತಿ?" ಅಂತ ಕೇಳಿ. ತನ್ನ ಬಗ್ಗೆ ಬಾಯಿಬಿಡದ ಮಗು ಗೊಂಬೆಯ ಬಗ್ಗೆ ಹೇಳಬಹುದು.

ಗೋಡೆಗೆ ಬಣ್ಣದ ಹಾಳೆ ಅಂಟಿಸಿ. ಆದರೆ ಯಾವ ಬಣ್ಣಕ್ಕೆ ಯಾವ ಭಾವ ಅನ್ನೋದನ್ನು ಮಗುವೇ ಆರಿಸಲಿ. ಇಂಗ್ಲಿಷಿನಲ್ಲಿ ನೀಲಿ ಅಂದರೆ ದುಃಖ. ನಮ್ಮ ಮಕ್ಕಳಿಗೆ ನೀಲಿ ಅಂದರೆ ಕೃಷ್ಣ.

ಇವತ್ತು ಸಂಜೆ ತೊಡೆಮೇಲೆ ಕೂರಿಸಿಕೊಂಡು ಕೇಳಿ: "ಇವತ್ತ ನಿಂದು ಯಾವ ಬಣ್ಣ, ಕೂಸ?"