ಹಿತ್ತಲ ತೋಟದ ಅಚ್ಚುಕಟ್ಟು

ಹೊಲಗದ್ದೆಗಳ ಬೇಸಾಯದಲ್ಲಿ ಬಹು ಜಾಗರೂಕರೆನಿಸಿಕೊಂಡ ಹಿಡುವಳಿದಾರರ ಮನೆಯ ಹಿತ್ತಲೇ ಕಾಡಾಗಿರುವುದು ಅನೇಕ ಗ್ರಾಮಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ಮುಂಗಾರಿನ ಮೊದಲ ಮಳೆ ಬೀಳುತ್ತಲೇ ಜಾಗವನ್ನೆಲ್ಲಾ ಅಗೆಸಿ, ಕೈಗೆ ಸಿಕ್ಕಿದ ಬೀಜಗಳನ್ನೆಲ್ಲಾ ಹಾಕಿಸುವರು. ಶ್ರಾವಣದಲ್ಲಿ ನೋಡಲು ಸೊಗಸಾಗಿರುವುದು. ಅಷ್ಟರಲ್ಲಿ ಹೊಲದ ಕೆಲಸವು ಹೆಚ್ಚಿ ಆಳುಗಳು ಅತ್ತ ಹೋಗುವರು. ದೀಪಾವಳಿಯ ಹೊತ್ತಿಗೆ ಬದನೆ ಯಾವುದು, ಕಳೆ ಯಾವುದು ಎಂದು ತಿಳಿಯದಂತಾಗಿ, ಹಾವಿನ ಭಯದಿಂದ ಮಕ್ಕಳು ಆ ಕಡೆಗೆ ಸುಳಿಯದಂತಾಗುವುದು.

ಇದಕ್ಕೆ ಸೋಮಾರಿತನವೇ ಕಾರಣವೆನ್ನುವುದು ನ್ಯಾಯವಲ್ಲ. ಇರುವ ಜಾಗವನ್ನು ನೋಡಿ ತೋಟದ ವಿಸ್ತಾರವನ್ನು ಗೊತ್ತುಮಾಡುವುದೇ ಮೂಲದ ತಪ್ಪು. ಕೆರೆಯ ನೀರಿಗೆ ತಕ್ಕಷ್ಟೇ ಅಚ್ಚುಕಟ್ಟೆಂಬುದನ್ನು ಗ್ರಾಮದ ಮುಖಂಡರು ಚೆನ್ನಾಗಿ ಬಲ್ಲರು. ಹಿತ್ತಲಿಗೂ ಅದೇ ಲೆಕ್ಕವು ಸಲ್ಲತಕ್ಕದ್ದು. ಬಿಸಿಲು ಬಲವಾದ ದಿನಗಳಲ್ಲಿ ತರಕಾರಿಯ ಒಂದು ಚದರ ಮೀಟರ್ ನೆಲಕ್ಕೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕಾಗುವುದು. ಒಂದು ಗುಂಟೆಯೆಂದರೆ 100 ಚದರ ಮೀಟರಿಗೆ ಸ್ವಲ್ಪ ಮೇಲು. ಅದಕ್ಕೆ 500 ಲೀಟರ್, ಅಂದರೆ 15 ಲೀಟರ್ ಹಿಡಿಯುವ ಕೊಡದಲ್ಲಿ 33 ಕೊಡ ನೀರು. ಕೊಳವೆಯ ಅನುಕೂಲವಿಲ್ಲದ ಕಡೆ ಇಷ್ಟನ್ನೂ ಹೊರತಕ್ಕವರು ಸಾಮಾನ್ಯವಾಗಿ ಮನೆಯ ಹೆಂಗಸರು. ತೋಟದ ಅಳತೆಯನ್ನು ನಿಷ್ಕರ್ಷಿಸುವ ಮೊದಲು ಯಜಮಾನರು ಒಂದು ದಿನ ತಾವೇ ಹೊತ್ತು ನೋಡಿದರೆ ಲೆಕ್ಕವು ಬೇಗ ಮನದಟ್ಟಾದೀತು.

4 ಅಡಿ ಅಗಲ, 25 ಅಡಿ ಉದ್ದದ ಒಂದು ಮಡಿಗಾದರೋ ಅದೇ ಬಿಸಿಲಿನಲ್ಲಿ 3 ಕೊಡ ಸಾಕು. ಮೊದಲ ವರ್ಷಕ್ಕೆ ಇಂತಹ ಮೂರು ಮಡಿಗಳಿಗಿಂತ ಹೆಚ್ಚು ಬೇಡ. ಅಗಲವು 4 ಅಡಿಯನ್ನು ಮೀರಕೂಡದು; ಏಕೆಂದರೆ ಎರಡು ಮಗ್ಗುಲುಗಳಿಂದಲೂ ಕೈ ನಡುವಿನವರೆಗೆ ಎಟುಕಬೇಕು, ಮಡಿಯೊಳಗೆ ಕಾಲಿಡುವ ಪ್ರಸಂಗವೇ ಬರಬಾರದು. ತುಳಿದ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿಯಾಡದು. ಮಡಿಗಳ ನಡುವೆ ಒಂದೂವರೆ ಅಡಿ ಕಾಲುದಾರಿಯಿರಲಿ. ಮೂರನ್ನೂ ಒಂದೇ ದಿನ ಬಿತ್ತದೆ ಹದಿನೈದು ದಿನಗಳ ಅಂತರವಿಟ್ಟರೆ ಸೊಪ್ಪು ಒಮ್ಮೆಗೇ ಬಲಿತು ದನಗಳ ಪಾಲಾಗುವುದು ತಪ್ಪುವುದು.

ನುಗ್ಗೆ, ಕರಿಬೇವು, ಪರಂಗಿಗಳನ್ನು ಹಿತ್ತಲಿನ ಉತ್ತರದ ಅಂಚಿನಲ್ಲಿ ಹಾಕುವುದುತ್ತಮ. ನಮ್ಮ ಸೀಮೆಯಲ್ಲಿ ವರ್ಷದ ಹೆಚ್ಚು ಕಾಲ ಮಧ್ಯಾಹ್ನದ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಮಡಿಗಳ ಮೇಲೆ ಬೀಳದು. ನುಗ್ಗೆಯನ್ನು ಫಸಲು ಮುಗಿದೊಡನೆ ಮೂರಡಿಗೆ ಕಡಿಯಬೇಕು. ಮರವಾಗಲು ಬಿಟ್ಟರೆ ಕಾಯಿ ಕೈಗೆಟುಕದು, ಕೊಂಬೆಯೋ ಗಾಳಿಗೆ ಮುರಿಯುವುದು. ಬಚ್ಚಲ ನೀರಿಗೆ ಬಾಳೆಯುಂಟು. ಅದರ ಕಂದುಗಳನ್ನೆಲ್ಲಾ ಬೆಳೆಯಗೊಡದೆ ತಾಯಿಗಿಡಕ್ಕೆ ಒಂದೆರಡನ್ನು ಮಾತ್ರ ಉಳಿಸತಕ್ಕದ್ದು.

ಕಳೆಯ ವಿಷಯದಲ್ಲಿ ಹೊತ್ತನ್ನರಿತು ಮಾಡಿದ ಕೆಲಸವು ಹಗುರ. ಎರಡೆಲೆಯ ಕಳೆಯನ್ನು ಮಗುವೂ ಕೀಳಬಲ್ಲದು. ತಿಂಗಳು ಕಳೆದರೆ ಅದಕ್ಕೇ ಆಳು ಬೇಕು. ವಾರಕ್ಕೊಮ್ಮೆ, ಸಂತೆಗೆ ಹೊರಡುವ ಮುನ್ನ, ಅರ್ಧ ಗಂಟೆ ಸಾಕು. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು ಬಳಿಕ ನಾಡೆಲ್ಲಾ ಹಬ್ಬಿದ ಕಾಂಗ್ರೆಸ್ ಗಿಡವನ್ನು ಹೂ ಬಿಡುವುದಕ್ಕೆ ಮೊದಲೇ ಬೇರುಸಹಿತ ಕೀಳಬೇಕು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನುದುರಿಸುವುದು. ಅದರ ಸೋಂಕಿನಿಂದ ಅನೇಕರಿಗೆ ಚರ್ಮದಲ್ಲಿ ತುರಿಕೆಯುಂಟಾಗುವುದರಿಂದ ಬರಿಗೈಯಲ್ಲಿ ಮುಟ್ಟಕೂಡದು. ಜೇಕಿನ ಸಂಗತಿ ಬೇರೆ: ಮೇಲಿನ ಹುಲ್ಲನ್ನು ಕಿತ್ತರೆ ನೆಲದೊಳಗಿನ ಗೆಡ್ಡೆ ಮತ್ತೆ ಚಿಗುರುವುದು, ಅಗೆದು ಗೆಡ್ಡೆಯನ್ನು ಆರಿಸಿ ತೆಗೆಯದೆ ಗತ್ಯಂತರವಿಲ್ಲ. ಬೀಜ ಕಟ್ಟದ ಕಳೆಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಬೀಜ ಕಟ್ಟಿದ್ದನ್ನೂ ಜೇಕಿನ ಗೆಡ್ಡೆಯನ್ನೂ ಹಾಕಿದರೆ ಗೊಬ್ಬರದೊಡನೆ ಅವೂ ಮಡಿಗೆ ಹಿಂತಿರುಗುವುವು.

ಬೇಸಗೆಯಲ್ಲಿ ಬಾವಿಯ ನೀರು ಇಳಿದಾಗ ಮೂರು ಮಡಿಗಳನ್ನೂ ಅರೆಬರೆಯಾಗಿ ನೆನೆಸುವುದಕ್ಕಿಂತ, ಒಂದನ್ನು ಬಿತ್ತದೆ ತರಗೆಲೆಯನ್ನು ದಪ್ಪನಾಗಿ ಹೊದಿಸಿ ಮುಂಗಾರಿನವರೆಗೆ ಬಿಟ್ಟು, ಉಳಿದೆರಡಕ್ಕೆ ತೃಪ್ತಿಯಾಗಿ ನೀರು ಕೊಡಬಹುದು.