ಮೊದಲು ಫೋಟೊ, ಆಮೇಲೆ ಪೆನ್‌ಡ್ರೈವ್

ಅಕ್ಕನ ಮಗಳ ಸೀಮಂತದ ಫೋಟೊಗಳಿದ್ದ 16 ಜಿಬಿ ಪೆನ್‌ಡ್ರೈವ್ ಅದು. ಕಾಪಿ ಆಗುತ್ತಿರುವಾಗಲೇ ಯಾರೋ ಎಳೆದುಬಿಟ್ಟಿದ್ದರು. ಮರುದಿನ ಲ್ಯಾಪ್‌ಟಾಪಿಗೆ ಹಾಕಿದರೆ ‘ಡಿಸ್ಕ್ ಹಾಕಿ’ ಎಂಬ ಸೂಚನೆ. ಸಾಮರ್ಥ್ಯ ನೋಡಿದರೆ ಸೊನ್ನೆ. ಫಾರ್ಮ್ಯಾಟ್ ಕೂಡ ಆಗಲಿಲ್ಲ. ಬೀದಿ ತುದಿಯ ಅಂಗಡಿಯ ಹುಡುಗ, “ಇದು ಹೋಯ್ತು ಅಣ್ಣ, ಹೊಸದು ತಗೊಳ್ಳಿ” ಎಂದ.

ಹೋಗಿದ್ದೇನು ಎಂದು ತಿಳಿಯಬೇಕಾದರೆ ಕವಚ ಬಿಚ್ಚಬೇಕು. ಒಳಗೆ ಮುಖ್ಯವಾಗಿ ಎರಡು ಚಿಪ್‌ಗಳು. ಒಂದು, ಫೈಲುಗಳು ಕೂರುವ ನ್ಯಾಂಡ್ ಫ್ಲ್ಯಾಶ್. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕಾ ಅವರ ಕೊಡುಗೆ ಇದು. ಇನ್ನೊಂದು ಕಂಟ್ರೋಲರ್. ನ್ಯಾಂಡ್ ಚಿಪ್‌ನಲ್ಲಿ ಕಾರ್ಖಾನೆಯಿಂದ ಬರುವಾಗಲೇ ಒಂದಷ್ಟು ಕೆಟ್ಟ ಬ್ಲಾಕ್‌ಗಳಿರುತ್ತವೆ, ಬಳಸಿದಂತೆ ಇನ್ನಷ್ಟು ಸೇರುತ್ತವೆ. ಯಾವುದು ಕೆಟ್ಟಿದೆ, ಯಾವ ಫೈಲಿನ ತುಂಡು ಎಲ್ಲಿದೆ ಎಂಬ ಲೆಕ್ಕವನ್ನೆಲ್ಲ ಇಡುವುದು ಕಂಟ್ರೋಲರ್. ಆದರೆ ಆ ಲೆಕ್ಕದ ಪಟ್ಟಿಯೂ, ಕಂಟ್ರೋಲರನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರಿನ ಬಹುಪಾಲೂ ಉಳಿದಿರುವುದು ಅದೇ ನ್ಯಾಂಡ್‌ನ ಒಂದು ಮೂಲೆಯಲ್ಲಿ. ಬರೆಯುವ ಹೊತ್ತಿನಲ್ಲಿ ಕರೆಂಟು ತಪ್ಪಿದರೆ ಆ ಮೂಲೆಗೆ ಪೆಟ್ಟು ಬೀಳಬಹುದು. ಜಮೀನು ಇದ್ದಲ್ಲೇ ಇರುತ್ತದೆ, ಪಹಣಿ ಪುಸ್ತಕ ಮಾತ್ರ ಹಾಳಾಗಿರುತ್ತದೆ. ಕಂಟ್ರೋಲರ್ ಎಚ್ಚರವಾಗಿದ್ದರೂ ತನ್ನ ನೆನಪು ಎಲ್ಲಿದೆ ಎಂದು ಅದಕ್ಕೇ ಗೊತ್ತಾಗುವುದಿಲ್ಲ.

ವಿಂಡೋಸ್‌ನ ಫಾರ್ಮ್ಯಾಟ್ ಇಲ್ಲಿ ಸೋಲುವುದು ಇದೇ ಕಾರಣಕ್ಕೆ. ಅದರ ಕೈ ಕಂಟ್ರೋಲರಿನ ಆಚೆಗೆ ಹೋಗುವುದಿಲ್ಲ. ಬೇಕಾಗಿರುವುದು ಕಾರ್ಖಾನೆಯಲ್ಲಿ ಹೊಸ ಡ್ರೈವ್‌ಗೆ ಮೊದಲ ಬಾರಿ ಫರ್ಮ್‌ವೇರ್ ತುಂಬುವ ತಂತ್ರಾಂಶ. ಈ ಕೆಲಸದವರು ಅದನ್ನು ಎಂಪಿ ಟೂಲ್ ಎನ್ನುತ್ತಾರೆ. ಫೈಸನ್‌, ಸಿಲಿಕಾನ್ ಮೋಶನ್, ಆಲ್ಕೋರ್ ಹೀಗೆ ಒಂದೊಂದು ಕಂಟ್ರೋಲರಿಗೂ ಅದರದೇ ಟೂಲ್. ಮೇಲೆ ಅಚ್ಚಾದ ಬ್ರ್ಯಾಂಡ್ ಹೆಸರನ್ನು ನಂಬಿಕೊಂಡು ಟೂಲ್ ಆರಿಸಬಾರದು. ಒಂದೇ ಬ್ರ್ಯಾಂಡಿನ ಒಂದೇ ಮಾದರಿಯಲ್ಲೂ ಬೇರೆ ಬೇರೆ ಕಂಟ್ರೋಲರ್ ಇರಬಹುದು. ಚಿಪ್‌ಜೀನಿಯಸ್‌ನಂಥ ತಂತ್ರಾಂಶ ಅದನ್ನು ಗುರುತಿಸಿಕೊಡುತ್ತದೆ, ಆದರೂ ಭೂತಗನ್ನಡಿ ಹಿಡಿದು ಚಿಪ್ ಮೇಲಿನ ಅಕ್ಷರ ಓದಿಕೊಳ್ಳುವುದೇ ಖಾತ್ರಿ. ನನ್ನದರಲ್ಲಿ ಇದ್ದದ್ದು ಫೈಸನ್‌ನ ಪಿಎಸ್ 2251-03.

ಕಂಟ್ರೋಲರ್ ಅರೆಬರೆ ಫರ್ಮ್‌ವೇರಿನಲ್ಲಿ ಸಿಕ್ಕಿಬಿದ್ದರೆ ಟೂಲಿಗೂ ಕಾಣಿಸುವುದಿಲ್ಲ. ಆಗ 48 ಕಾಲಿನ ನ್ಯಾಂಡ್ ಚಿಪ್‌ನಲ್ಲಿ ಡೇಟಾ ಓಡಾಡುವ 29 ಮತ್ತು 30ನೇ ಕಾಲುಗಳನ್ನು ಸೂಜಿಯಿಂದ ಮುಟ್ಟಿಸಿ ಹಿಡಿದು ಡ್ರೈವನ್ನು ಹಾಕುವ ರೂಢಿಯಿದೆ. ಫರ್ಮ್‌ವೇರ್ ಓದಲಾಗದೆ ಕಂಟ್ರೋಲರ್ ತನ್ನೊಳಗಿನ ಮೂಲ ಪ್ರೋಗ್ರಾಮಿಗೆ ಮರಳುತ್ತದೆ; ತಕ್ಷಣ ಸೂಜಿ ತೆಗೆಯಬೇಕು. ಕಾಲು ಎಣಿಸುವಾಗ ತಪ್ಪಬಾರದು. 12 ಮತ್ತು 13 ವಿದ್ಯುತ್ತಿನವು, ಅವು ಕೂಡಿದರೆ ಶಾರ್ಟ್ ಆಗುತ್ತದೆ. ಆಮೇಲೆ ಟೂಲ್ ಮೊದಲು ಬರ್ನರ್ ಎಂಬ ಸಣ್ಣ ಫೈಲನ್ನು ಕಂಟ್ರೋಲರಿಗೆ ಕಳಿಸಿ, ಅದರ ಮೂಲಕ ಫರ್ಮ್‌ವೇರ್ ಬರೆದು, ಬ್ಲಾಕ್‌ಗಳನ್ನು ಪರೀಕ್ಷಿಸಿ ಹೊಸ ಪಟ್ಟಿ ಕಟ್ಟುತ್ತದೆ.

ಇಲ್ಲೇ ನಿಲ್ಲಬೇಕು. ಹೊಸ ಪಟ್ಟಿ ಎಂದರೆ ಹಳೆಯದರ ಅಳಿವು, ಅದರೊಡನೆ ಫೈಲುಗಳ ಅಳಿವು. ಪೆನ್‌ಡ್ರೈವ್ ಬದುಕುತ್ತದೆ, ಫೋಟೊ ಬದುಕುವುದಿಲ್ಲ. ಫೋಟೊಗಳೇ ಬೇಕಿದ್ದರೆ ದಾರಿ ಬೇರೆ: ಡೇಟಾ ರಿಕವರಿಯವರು ನ್ಯಾಂಡ್ ಚಿಪ್ಪನ್ನು ಬಿಸಿ ಮಾಡಿ ಬಿಡಿಸಿ, ನೇರವಾಗಿ ಓದಿ, ಕಂಟ್ರೋಲರ್ ಕಲಸಿಟ್ಟ ತುಂಡುಗಳನ್ನು ಪಿಸಿ-3000 ಫ್ಲ್ಯಾಶ್‌ನಂಥ ಸಾಧನದಿಂದ ಜೋಡಿಸುತ್ತಾರೆ. ಅದು ದುಬಾರಿ, ನಿಧಾನದ ಕೆಲಸ. ಎಂಪಿ ಟೂಲ್ ಓಡಿಸಿದ ಡ್ರೈವನ್ನು ಅವರ ಮುಂದಿಟ್ಟರೆ ಅವರೂ ಕೈಚೆಲ್ಲುತ್ತಾರೆ. ಸ್ಟುಡಿಯೋದವರ ಹಾರ್ಡ್‌ಡಿಸ್ಕಿನಲ್ಲಿ ಸೀಮಂತದ ಫೋಟೊಗಳು ಇನ್ನೂ ಇವೆ ಎಂದು ಕಣ್ಣಾರೆ ಕಂಡ ಮೇಲೆಯೇ ನಾನು ಸೂಜಿ ಕೈಗೆತ್ತಿಕೊಂಡೆ.

ಟೂಲ್‌ಗಳ ಬಗ್ಗೆಯೂ ಎಚ್ಚರ ಬೇಕು. ಇವು ಕಾರ್ಖಾನೆಗಳಿಂದ ಹೇಗೋ ಹೊರಬಂದವು, ವೈರಸ್ ಸೇರಿಕೊಂಡೂ ಬರಬಹುದು. ಇಂಟರ್ನೆಟ್ ಇಲ್ಲದ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಓಡಿಸಿ. ಫರ್ಮ್‌ವೇರನ್ನು ನಾವು ಬದಲಿಸಬಹುದಾದರೆ ಕೇಡಿಗರೂ ಬದಲಿಸಬಹುದು. 2014ರಲ್ಲಿ ಭದ್ರತಾ ಸಂಶೋಧಕರಾದ ಕಾರ್ಸ್ಟೆನ್ ನೋಲ್ ಮತ್ತು ಯಾಕೋಬ್ ಲೆಲ್ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ, ಪೆನ್‌ಡ್ರೈವ್ ಕೀಬೋರ್ಡಿನ ವೇಷ ತೊಟ್ಟು ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವುದನ್ನು ತೋರಿಸಿದರು. ಅದೇ ವರ್ಷ ಬೇರೆ ಇಬ್ಬರು ಸಂಶೋಧಕರು ಅಂಥ ಕೋಡನ್ನು ಬಹಿರಂಗಪಡಿಸಿದರು. ಅದು ನನ್ನ ಡ್ರೈವ್‌ನಲ್ಲಿದ್ದ 2251-03 ಕಂಟ್ರೋಲರಿನದೇ. ದಾರಿಯಲ್ಲಿ ಸಿಕ್ಕ ಡ್ರೈವನ್ನು ಹಾಕಬೇಡಿ ಎನ್ನುವುದು ಅದಕ್ಕೇ.

ಎರಡನೇ ಪ್ರಯತ್ನಕ್ಕೆ ಡ್ರೈವ್ ಎದ್ದಿತು. ಕೆಟ್ಟ ಬ್ಲಾಕ್‌ಗಳನ್ನು ಕಳೆದು ಸಾಮರ್ಥ್ಯ ಸ್ವಲ್ಪ ಇಳಿದಿತ್ತು. ಎಚ್2ಟೆಸ್ಟ್‌ಡಬ್ಲ್ಯು ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಪೂರ್ತಿ ತುಂಬಿಸಿ, ಮರಳಿ ಓದಿಸಿದೆ; ತಪ್ಪು ಬರಲಿಲ್ಲ. ಆದರೂ ಒಮ್ಮೆ ಬಿದ್ದ ಡ್ರೈವಿಗೆ ಮುಖ್ಯವಾದದ್ದನ್ನು ಒಪ್ಪಿಸಲಾರೆ. ಈಗ ಅದು ಕಾರಿನಲ್ಲಿ ಹಾಡು ಹೇಳುತ್ತಿದೆ.

ನಿಮ್ಮ ಮನೆಯಲ್ಲಿ ಒಂದೇ ಪೆನ್‌ಡ್ರೈವ್‌ನಲ್ಲಿ ಉಳಿದಿರುವ ಫೋಟೊಗಳಿದ್ದರೆ, ಅದು ಚೆನ್ನಾಗಿ ನಡೆಯುತ್ತಿರುವಾಗಲೇ ಇನ್ನೊಂದು ಕಡೆಗೂ ಕಾಪಿ ಮಾಡಿಡಿ.