ಇಳಕಲ್ಲಿನ ಕಲ್ಲು, ಧ್ರುವದ ಗುಳ್ಳೆ

ಇಳಕಲ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕೆಂಪು ಸೆರಗಿನ ಸೀರೆ. ಆದರೆ ಊರಿನ ಹೆಸರಿನ ತುದಿಗೆ ಇರುವುದು ಸೀರೆಯಲ್ಲ, ಕಲ್ಲು. ಸುತ್ತಲಿನ ಕ್ವಾರಿಗಳಿಂದ ಎತ್ತಿದ ಕೆಂಪು ಗ್ರಾನೈಟ್ ಹಲಗೆ ಹಲಗೆಯಾಗಿ ಕೊಯ್ಯಿಸಿಕೊಂಡು, ಹೊಳಪು ಹಚ್ಚಿಸಿಕೊಂಡು ಹಡಗು ಹತ್ತಿ ಪರದೇಶಕ್ಕೂ ಹೋಗುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ಆರಿ ಗಟ್ಟಿಯಾದದ್ದು ಇದು. ಇದರೊಳಗೆ ಎಂದೂ ಒಂದು ಎಲೆ ಕೊಳೆತಿಲ್ಲ, ಒಂದು ಎಳೆ ಪಾಚಿ ಸತ್ತಿಲ್ಲ.

ಅಲ್ಲಿಂದ ಬಸ್ಸು ಹತ್ತಿ ಹುನಗುಂದ ದಾಟಿ ಬಾಗಲಕೋಟೆಯ ಕಡೆಗೆ ಹೊರಟರೆ ನೆಲ ಬದಲಾಗುತ್ತದೆ. ಹುನಗುಂದದ ಬಳಿ ಗ್ರಾನೈಟಿಗಿಂತಲೂ ಹಳೆಯದಾದ, ಹಸಿರು ಮಿಶ್ರಿತ ಕಪ್ಪು ಪದರಗಲ್ಲು. ಬಾಗಲಕೋಟೆ, ಲೋಕಾಪುರಗಳ ಸುತ್ತ ಸುಣ್ಣದಕಲ್ಲು ಮತ್ತು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುವ ಜೇಡಿಶಿಲೆ. ಬಾಗಲಕೋಟೆಗೆ ಸಿಮೆಂಟ್ ಕಾರ್ಖಾನೆ ಬಂದದ್ದೇ ಈ ಸುಣ್ಣದಕಲ್ಲಿನ ದೆಸೆಯಿಂದ. ಬಾದಾಮಿಗೆ ಬಂದರೆ ಕೆಂಪು ಮರಳುಗಲ್ಲಿನ ಗೋಡೆ. ಚಾಲುಕ್ಯರು ಕೊರೆದು ಗುಡಿ ಮಾಡಿದ್ದು ಅದನ್ನೇ. ಅರ್ಧ ದಿನದ ಬಸ್ ಪ್ರಯಾಣದಲ್ಲಿ ಐದು ಜಾತಿಯ ಕಲ್ಲು. ಇವುಗಳ ನಡುವಿನ ವ್ಯತ್ಯಾಸ ತಿಳಿದ ವಿದ್ಯಾರ್ಥಿಗೆ ಉತ್ತರ ಧ್ರುವದ ಹತ್ತಿರ ನಡೆದ ಒಂದು ಪಿಎಚ್.ಡಿ. ಸಂಶೋಧನೆಯ ಮುಖ್ಯ ಸಂಗತಿ ಅರ್ಧ ಅರ್ಥವಾದಂತೆಯೇ.

ಆ ಸಂಶೋಧನೆಯ ವಸ್ತು ಮೀಥೇನ್. ಹೆಸರು ಹೊಸದೆನಿಸಿದರೂ ವಸ್ತು ಹೊಸದಲ್ಲ. ಹಿತ್ತಲಿನಲ್ಲಿ ಗೋಬರ್ ಗ್ಯಾಸ್ ಇಟ್ಟುಕೊಂಡ ಮನೆಗಳಲ್ಲಿ ಒಲೆಗೆ ಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಕೆರೆಯ ಕೆಸರಿಗೆ ಕೋಲು ಹಾಕಿ ಆಡಿಸಿದರೆ ಬುಳುಬುಳು ಎಂದು ಏಳುವ ಗುಳ್ಳೆಯಲ್ಲೂ ಅದೇ. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಸರೋವರವೊಂದರ ಅಂಚಿನಲ್ಲಿ ಹೀಗೇ ಕೆಸರು ಕೆದಕಿ, ಗುಳ್ಳೆಗಳನ್ನು ಬಾಟಲಿಗೆ ಹಿಡಿದು, ಅದು ಉರಿಯುತ್ತದೆಂದು ತೋರಿಸಿದ. ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಬಿಸಿಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ, 20 ವರ್ಷಗಳ ಲೆಕ್ಕ ಹಿಡಿದರೆ, ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಗಟ್ಟಿಗ. ಒಂದೇ ಸಮಾಧಾನವೆಂದರೆ ಇದರ ಆಯುಷ್ಯ ಕಡಿಮೆ, ಹತ್ತು ಹನ್ನೆರಡು ವರ್ಷದಲ್ಲಿ ಗಾಳಿಯಲ್ಲೇ ಒಡೆದುಹೋಗುತ್ತದೆ. ಕೈಗಾರಿಕೆಗಳು ಹುಟ್ಟುವ ಮೊದಲು ಗಾಳಿಯ ನೂರು ಕೋಟಿ ಕಣಗಳಲ್ಲಿ ಮೀಥೇನಿನವು ಸುಮಾರು 700 ಇದ್ದವು. ಈಗ 1,900 ದಾಟಿದೆ.

ಮೀಥೇನ್ ಹುಟ್ಟುವ ದಾರಿ ಮುಖ್ಯವಾಗಿ ಎರಡು. ಒಂದು, ಗಾಳಿ ಸುಳಿಯದ ಕಡೆ ಸೂಕ್ಷ್ಮಜೀವಿಗಳು ಕಸಕಡ್ಡಿ ತಿಂದು ಬಿಡುವುದು. ಕೆರೆ, ಗದ್ದೆ, ದನದ ಹೊಟ್ಟೆ, ಸಗಣಿಯ ಗುಂಡಿ ಎಲ್ಲವೂ ಈ ದಾರಿಯವೇ. ಇನ್ನೊಂದು, ಕೋಟಿಗಟ್ಟಲೆ ವರ್ಷಗಳ ಹಿಂದೆ ಕೆಸರಿನಲ್ಲಿ ಹೂತುಹೋದ ಜೀವಾವಶೇಷಗಳು ನೆಲದಾಳದ ಶಾಖಕ್ಕೆ ಬೆಂದು ಅನಿಲವಾಗುವುದು. ಕಲ್ಲಿದ್ದಲು, ಎಣ್ಣೆಯ ಒಡಹುಟ್ಟು ಇದು. ಬಿರುಕು ಸಿಕ್ಕರೆ ಮೇಲೆ ಬರುತ್ತದೆ, ಸಿಗದಿದ್ದರೆ ಕಲ್ಲಿನಲ್ಲೇ ಕೂತಿರುತ್ತದೆ. ಧ್ರುವ ಪ್ರದೇಶದಲ್ಲಿ ಅದರ ಮೇಲೆ ಇನ್ನೊಂದು ಮುಚ್ಚಳವಿದೆ: ವರ್ಷವಿಡೀ ಹೆಪ್ಪುಗಟ್ಟಿದ ನೆಲ, ಅದರ ಮೇಲೆ ಹಿಮನದಿ. ಈ ಮುಚ್ಚಳ ಕರಗುತ್ತಿದೆ.

ಗೇಬ್ರಿಯೆಲ್ ಕ್ಲೆಬರ್ ಎಂಬಾಕೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆಂದು ಹಿಡಿದದ್ದು ಇದೇ ವಿಷಯ. ಸ್ಥಳ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳು. ಅಲ್ಲಿ ಹಿಮನದಿಗಳು ಹಿಂದೆ ಸರಿದಂತೆ ಅವುಗಳ ಮುಂದೆ ಬಯಲಾದ ನೆಲದಲ್ಲಿ ಅಂತರ್ಜಲದ ಒರತೆಗಳು ಹುಟ್ಟುತ್ತಿವೆ. ಚಳಿಗಾಲದಲ್ಲಿ ಉಳಿದೆಲ್ಲ ನೀರು ನಿಂತರೂ ಒರತೆ ನಿಲ್ಲುವುದಿಲ್ಲ. ಹರಿದು ಅಲ್ಲೇ ನೀಲಿ ಮಂಜುಗಡ್ಡೆಯಾಗುತ್ತದೆ. ಈಕೆ ಉಪಗ್ರಹದ ಚಿತ್ರಗಳನ್ನು ಮುಂದಿಟ್ಟುಕೊಂಡು 78 ಹಿಮನದಿಗಳ ಮುಂದಿನ ನೀಲಿ ಕಲೆಗಳನ್ನು ಗುರುತು ಮಾಡಿದರು. ಆಮೇಲೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಏರಿ ಆ ಜಾಗಗಳಿಗೆ ಹೋದರು. ಒಳಗಿನ ನೀರು ಮತ್ತು ಅನಿಲದ ಒತ್ತಡಕ್ಕೆ ಮಂಜುಗಡ್ಡೆ ಬೊಕ್ಕೆಯಂತೆ ಉಬ್ಬಿರುವ ಕಡೆ ಅಡಿಯ ನೀರಿನ ಮಾದರಿ ತೆಗೆದುಕೊಂಡರು.

ಇಂಥ 123 ಒರತೆಗಳ ಫಲಿತಾಂಶ 2023ರಲ್ಲಿ ‘ನೇಚರ್ ಜಿಯೊಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದನ್ನು ಬಿಟ್ಟು ಎಲ್ಲದರಲ್ಲೂ ಮೀಥೇನ್ ಇತ್ತು. ಅತಿ ಹೆಚ್ಚೆಂದರೆ, ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಇರಬೇಕಾದುದರ 6 ಲಕ್ಷ ಪಟ್ಟು! ದ್ವೀಪಗಳ ಒರತೆಗಳಿಂದೆಲ್ಲ ವರ್ಷಕ್ಕೆ 2,000 ಟನ್ನಿಗೂ ಹೆಚ್ಚು ಮೀಥೇನ್ ಗಾಳಿಗೆ ಸೇರುತ್ತಿರಬಹುದೆಂದು ಲೆಕ್ಕ ಹಾಕಿದರು. ನಾರ್ವೆಯ ತೈಲೋದ್ಯಮ ಒಂದು ವರ್ಷದಲ್ಲಿ ಬಿಡುವ ಮೀಥೇನಿನ ಹತ್ತರಲ್ಲಿ ಒಂದು ಪಾಲಿಗೆ ಇದು ಸಮ.

ಇಳಕಲ್ಲಿನ ಕಲ್ಲು ಉಪಯೋಗಕ್ಕೆ ಬರುವುದು ಇಲ್ಲಿ. ಎಲ್ಲ ಒರತೆಗಳೂ ಒಂದೇ ಸಮನೆ ಅನಿಲ ಬಿಡುತ್ತಿರಲಿಲ್ಲ. ಅಡಿಯಲ್ಲಿ ಜೇಡಿಶಿಲೆ ಇದ್ದು, ಅದು ಬಿರುಕು ಬಿಟ್ಟಿದ್ದರೆ ಮೀಥೇನ್ ಧಾರಾಳ. ಅಗ್ನಿಶಿಲೆ ಅಥವಾ ರೂಪಾಂತರ ಶಿಲೆಯಿದ್ದರೆ, ಎಂದರೆ ಇಳಕಲ್ ಹುನಗುಂದದ ಕಡೆಯ ಜಾತಿಯ ಕಲ್ಲಿದ್ದರೆ, ತೀರಾ ಕಡಿಮೆ. ಹವಾಮಾನದ ಪ್ರಶ್ನೆಗೆ ಉತ್ತರ ಥರ್ಮಾಮೀಟರಿನಲ್ಲಿ ಮಾತ್ರವಲ್ಲ, ಭೂವಿಜ್ಞಾನಿಯ ನಕ್ಷೆಯಲ್ಲೂ ಇದೆ ಎಂಬುದು ಸಾಧಾರಣ ಸಂಗತಿಯೇನಲ್ಲ.

ಹಾಗಾದರೆ ಬಾಗಲಕೋಟೆಯ ಜೇಡಿಶಿಲೆ? ಈ ಪ್ರಶ್ನೆಯನ್ನೂ ಕೇಳಿದವರಿದ್ದಾರೆ. ಇಲ್ಲಿಯ ಶಿಲೆಗಳನ್ನು ಮೊದಲು ವಿವರವಾಗಿ ಬರೆದವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅವನ ವರದಿ ಪ್ರಕಟವಾದದ್ದು 1876ರಲ್ಲಿ. ಆಗ ಜಿಲ್ಲೆಯ ಕೇಂದ್ರ ಕಲಾದಗಿ. ಹಾಗಾಗಿ ಈ ಶಿಲಾಸಮೂಹಕ್ಕೆ ಕಲಾದಗಿಯ ಹೆಸರೇ ನಿಂತಿದೆ. ಊರು ಈಗ ದಾಳಿಂಬೆ, ಚಿಕ್ಕುಗಳಿಗೆ ಹೆಸರಾಗಿದ್ದರೂ ಭೂವಿಜ್ಞಾನದ ಪುಸ್ತಕಗಳಲ್ಲಿ ಇನ್ನೂ ಜಿಲ್ಲಾಕೇಂದ್ರವೇ! ಇದರೊಳಗೆ ಕೆಳಗಿನದು ಬಾಗಲಕೋಟೆ ಗುಂಪು, ನೂರು ಕೋಟಿ ವರ್ಷಗಳಿಗೂ ಹಳೆಯದು, ಮಡಿಕೆ ಮಡಿಕೆಯಾಗಿ ಮಣಿದದ್ದು. ಅದು ಸವೆದು ಬಹುಕಾಲ ಕಳೆದ ಮೇಲೆ ಅದರ ಮೇಲೆ ಹೆಚ್ಚುಕಡಿಮೆ ಮಟ್ಟಸವಾಗಿ ಹಾಸಿಕೊಂಡದ್ದು ಬಾದಾಮಿ ಗುಂಪು. ಗುಹಾಲಯಗಳನ್ನು ಕೊರೆದ ಮರಳುಗಲ್ಲಿಗೆ ‘ಕೇವ್ ಟೆಂಪಲ್ ಅರೆನೈಟ್’ ಎಂದೇ ಶಾಸ್ತ್ರೀಯ ಹೆಸರು.

ಬಾಗಲಕೋಟೆ ಗುಂಪು ಹುಟ್ಟಿದಾಗ ನೆಲದ ಮೇಲೆ ಮರವಿಲ್ಲ, ಹುಲ್ಲಿಲ್ಲ. ಆಳವಿಲ್ಲದ ಕಡಲಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಪದರ ಕಟ್ಟುತ್ತಿದ್ದವು. ಆ ಪದರಗಳ ಗುರುತು ಇಲ್ಲಿಯ ಸುಣ್ಣದಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಹೆಸರಿನಲ್ಲಿ ಉಳಿದಿದೆ. ಅಷ್ಟು ಹಳೆಯ ಜೀವಿಗಳು ಅನಿಲ ಬಿಟ್ಟಿವೆಯೆ? ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಭೀಮಾ ಮತ್ತು ಕಲಾದಗಿ ಪ್ರದೇಶಗಳ ಮಣ್ಣು ತೆಗೆದು ನೋಡಿದರು. ವಿಧಾನ ಕೇಳಲು ಸರಳ. ಟೊಳ್ಳು ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಬಡಿದು ಆಳದ ಮಣ್ಣು ಎತ್ತುವುದು, ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಗಾಳಿಯಾಡದಂತೆ ಕಟ್ಟುವುದು, ಪ್ರಯೋಗಾಲಯದಲ್ಲಿ ಆಮ್ಲ ಹಾಕಿ ಮಣ್ಣಿನ ಕಣಕ್ಕೆ ಅಂಟಿದ ಅನಿಲ ಬಿಡಿಸಿ ಅಳೆಯುವುದು. ಮೀಥೇನ್ ಮತ್ತು ಅದರ ಬಳಗದ ಅನಿಲಗಳು ಸಿಕ್ಕವು. ಪ್ರಬಂಧ 2010ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಬಂತು. ಹಾಗೆಂದು ಬಾಗಲಕೋಟೆಯಲ್ಲಿ ಎಣ್ಣೆಬಾವಿ ಏಳುತ್ತದೆಂದು ಯಾರೂ ಹೊಲದ ರೇಟು ಏರಿಸಬೇಕಿಲ್ಲ. ಮಣ್ಣಿನ ಕಣಕ್ಕಂಟಿದ ಅಂಶಕ್ಕೂ ತೆಗೆಯಬಲ್ಲ ನಿಕ್ಷೇಪಕ್ಕೂ ಬಹಳ ದೂರವಿದೆ.

ಸಿಕ್ಕ ಮೀಥೇನ್ ಕೆಸರಿನದೋ ಕಲ್ಲಿನದೋ ಎಂದು ತಿಳಿಯುವುದು ಹೇಗೆ? ಇಂಗಾಲದಲ್ಲಿ ಹಗುರ, ಭಾರ ಎಂಬ ಎರಡು ಬಗೆಯ ಪರಮಾಣುಗಳಿವೆ: 12 ತೂಕದ್ದು, 13 ತೂಕದ್ದು. ಸೂಕ್ಷ್ಮಜೀವಿಗಳು ಮಾಡಿದ ಮೀಥೇನಿನಲ್ಲಿ ಹಗುರವಾದದ್ದರ ಪಾಲು ಜಾಸ್ತಿ. ಶಾಖಕ್ಕೆ ಬೆಂದು ಹುಟ್ಟಿದ್ದರಲ್ಲಿ ಅಷ್ಟಿಲ್ಲ. ಇನ್ನು 14 ತೂಕದ ಇಂಗಾಲವೊಂದಿದೆ. ಮೊನ್ನೆ ಕೊಯ್ದ ಜೋಳದ ದಂಟಿನಲ್ಲಿ ಅದು ಇರುತ್ತದೆ. ಪ್ರತಿ 5,730 ವರ್ಷಕ್ಕೆ ಅರ್ಧರ್ಧ ಕರಗುತ್ತ ಹೋಗುವುದರಿಂದ ಕೋಟಿ ವರ್ಷದ ಕಲ್ಲಿನಲ್ಲಿ ಸೊನ್ನೆ.

ಈ 14ನ್ನು ಹಿಡಿದು ಇನ್ನೊಬ್ಬ ಸಂಶೋಧನಾ ವಿದ್ಯಾರ್ಥಿ ದೊಡ್ಡ ಜಗಳವನ್ನೇ ಎಬ್ಬಿಸಿದರು. ಅಮೆರಿಕದ ರೊಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ ಬೆಂಜಮಿನ್ ಮೀಲ್ ಗ್ರೀನ್‌ಲ್ಯಾಂಡಿನ ಹಳೆಯ ಮಂಜಿನೊಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳನ್ನು ಬಿಡಿಸಿದರು. ಕಾರ್ಖಾನೆ ಯುಗಕ್ಕೆ ಮೊದಲಿನ ಗಾಳಿ ಅದು. ಆಗ ಎಣ್ಣೆಬಾವಿಗಳಿರಲಿಲ್ಲ, ಆದ್ದರಿಂದ 14 ಇಲ್ಲದ ಮೀಥೇನ್ ಎಷ್ಟಿದೆಯೋ ಅಷ್ಟು ಭೂಮಿ ತಾನಾಗಿ ಬಿಟ್ಟದ್ದು. ಅದುವರೆಗೆ ಜಿನುಗುಗಳನ್ನು ಒಂದೊಂದಾಗಿ ಅಳೆದು ಕೂಡಿಸಿದವರ ಅಂದಾಜು ವರ್ಷಕ್ಕೆ 4ರಿಂದ 6 ಕೋಟಿ ಟನ್. ಗುಳ್ಳೆಗಳು ಹೇಳಿದ್ದು 16 ಲಕ್ಷ ಟನ್, ತೀರ ಹೆಚ್ಚೆಂದರೆ 54 ಲಕ್ಷ! 2020ರಲ್ಲಿ ‘ನೇಚರ್’ ಇದನ್ನು ಪ್ರಕಟಿಸಿತು. ಭೂಮಿಯ ಪಾಲು ಅಷ್ಟು ಕಡಿಮೆಯಾದರೆ, ಮನುಷ್ಯನ ಕಲ್ಲಿದ್ದಲು, ಎಣ್ಣೆ, ಅನಿಲಗಳ ಪಾಲು ಲೆಕ್ಕಕ್ಕಿಂತ ಶೇಕಡಾ 25ರಿಂದ 40ರಷ್ಟು ಹೆಚ್ಚಿರಬೇಕು. ಜಿನುಗುಗಳನ್ನು ಅಳೆಯುವವರು ಇದನ್ನು ಒಪ್ಪಿಲ್ಲ. ವಾದ ಮುಗಿದಿಲ್ಲ.

ಸ್ವಾಲ್‌ಬಾರ್ಡಿನ ಸುದ್ದಿ ಓದಿ ‘ಭೂಮಿಯೇ ಬಿಡುತ್ತದೆಯಂತೆ, ನಮ್ಮದೇನು ತಪ್ಪು’ ಎನ್ನುವವರು ಗ್ರೀನ್‌ಲ್ಯಾಂಡಿನ ಗುಳ್ಳೆಗಳ ಕಥೆಯನ್ನೂ ಓದಬೇಕು. ಆ ಒರತೆಗಳ ಬಾಯಿಂದ ಹಿಮ ಸರಿದದ್ದೂ ಕಾವು ಏರಿದ್ದರಿಂದಲೇ. ಮಳೆ ಹಿಂದುಮುಂದಾದರೆ ತೊಗರಿ, ಜೋಳ ಬಿತ್ತುವ ಹುನಗುಂದದ ರೈತನಿಗೆ ಅನಿಲ ಯಾರದೆಂಬ ಲೆಕ್ಕ ದೂರದ ಮಾತಲ್ಲ.

ಕೃಷ್ಣೆಗೂ ಈ ಕಥೆಯಲ್ಲಿ ಪಾತ್ರವಿದೆ. ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ಹೋಗುವ ಅವಳು ಯುಗಯುಗಗಳಿಂದ ಹೊತ್ತ ಹೂಳು ಗೋದಾವರಿಯ ಹೂಳಿನೊಂದಿಗೆ ಬಂಗಾಳ ಕೊಲ್ಲಿಯ ತಳದಲ್ಲಿ ಕೂತಿದೆ. 2006ರಲ್ಲಿ ಅಲ್ಲಿ ಕೊರೆದಾಗ ಮೀಥೇನ್ ತುಂಬಿದ ಮಂಜುಗಡ್ಡೆ ಸಿಕ್ಕಿತು, ಒಂದು ಕಡೆಯಂತೂ ಸುಮಾರು 130 ಮೀಟರ್ ದಪ್ಪ. ಕಡಲಾಳದ ತಂಪು ಮತ್ತು ಒತ್ತಡದಲ್ಲಿ ಮಾತ್ರ ಉಳಿಯುವ, ಕಡ್ಡಿ ಗೀರಿದರೆ ಉರಿಯುವ ಮಂಜು ಅದು.

ಮನೆಯಲ್ಲಿ ತಂದೆತಾಯಂದಿರು ಕೇಳುವ ಪ್ರಶ್ನೆ ಬೇರೆ: ಕಲ್ಲು ಓದಿದರೆ ಹೊಟ್ಟೆಗೆ ಏನು? ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಂಡವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಎಂ.ಎಸ್ಸಿ. ಇದೆ. ಐಐಟಿಗಳಿಗೆ ಜಾಮ್ ಪರೀಕ್ಷೆ ಬರೆಯಬಹುದು. ಸರ್ವೇಕ್ಷಣೆಯ ಹುದ್ದೆಗಳಿಗೆ ಯುಪಿಎಸ್‌ಸಿ ಬೇರೆಯೇ ಪರೀಕ್ಷೆ ನಡೆಸುತ್ತದೆ. ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಗೆದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಐದು ಹಿಡಿಯುತ್ತದೆ. ಆ ತಾಳ್ಮೆ ಮನೆಯವರಿಗೂ ಬೇಕು. ಈ ಕಡೆಯ ನದಿಗಳೇ ಹಿಂದೆ ಸಂಶೋಧನೆಗೆ ವಸ್ತುವಾಗಿವೆ. ಆರ್.ವಿ. ಜೋಶಿ ಅವರು ಮಲಪ್ರಭಾ ಕಣಿವೆಯ ಹಳೆಯ ಮಣ್ಣು ಮತ್ತು ಶಿಲಾಯುಗದ ಕುರಿತು ಬರೆದ ಗ್ರಂಥ 1955ರಲ್ಲೇ ಅಚ್ಚಾಗಿತ್ತು.

ಧ್ರುವಕ್ಕೆ ಹೋಗುವ ದಾರಿ ಗೋವಾದಲ್ಲಿದೆ. ಅಲ್ಲಿಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅಂಟಾರ್ಕ್ಟಿಕದ ಮೈತ್ರಿ, ಭಾರತಿ ನೆಲೆಗಳನ್ನೂ ಸ್ವಾಲ್‌ಬಾರ್ಡಿನಲ್ಲಿ 2008ರಲ್ಲಿ ತೆರೆದ ಹಿಮಾದ್ರಿಯನ್ನೂ ನಡೆಸುತ್ತದೆ. ಕ್ಲೆಬರ್ ನೀರು ಹಿಡಿದದ್ದೂ ಅದೇ ದ್ವೀಪಗಳಲ್ಲಿ. ಅಂಟಾರ್ಕ್ಟಿಕಕ್ಕೆ ಆಯ್ಕೆಯಾದವರಿಗೆ ವೈದ್ಯಕೀಯ ಪರೀಕ್ಷೆ, ಹಿಮಾಲಯದ ಔಲಿಯಲ್ಲಿ ಹಿಮದ ಮೇಲಿನ ತರಬೇತಿ ಆಗುತ್ತದೆ. ಬಾಗಲಕೋಟೆಯ ಬಿಸಿಲಲ್ಲಿ ಬೆಳೆದ ಮಗ, ಮಗಳು ಅಲ್ಲಿ ಹೇಗೆ ಇದ್ದಾರು ಎಂದು ಚಿಂತಿಸುವ ತಾಯಂದಿರಿಗೆ ಇನ್ನೊಂದು ಮಾತು: ಅಲ್ಲಿಗೆ ಬೇಕಾದ ದಪ್ಪ ಕೋಟು, ಬೂಟುಗಳನ್ನು ಕೇಂದ್ರವೇ ಕೊಡುತ್ತದೆ.